ಕಣ್ಣು ಕಾಣದ ಅಮ್ಮ ಒಲೆ ಹಚ್ಚಬಹುದೇ?

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ಅಮ್ಮನ ದೃಷ್ಟಿ ಹೋಗಿದೆ. ಚಹಾ ನಾನೇ ಮಾಡಿಕೊಳ್ಳುತ್ತೇನೆ ಅನ್ನುತ್ತಾರೆ. ನಮಗೆ ಗ್ಯಾಸಿನ ಭಯ. ಏನು ಮಾಡಲಿ?

ಉತ್ತರ: ದಯವಿಟ್ಟು ತಡೆಯಬೇಡಿ, ಕಲಿಸಿ. ಮೊದಲು ಒಲೆ ಹಚ್ಚದೆ, ತಣ್ಣೀರಿನಲ್ಲೇ ಅಭ್ಯಾಸವಾಗಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆ ತಣ್ಣಗಿರುವಾಗಲೇ ಪಾತ್ರೆಯನ್ನು ಬರ್ನರಿನ ನಡುವೆ ಇಟ್ಟು, ಸುತ್ತ ತಡವಿ ನೋಡಿ, ಆಮೇಲೆ ಹಚ್ಚಬೇಕು. ಲೋಟ ತುಂಬಿತೇ ಎಂದು ಬೆರಳಿಟ್ಟು ನೋಡುವ ರೂಢಿ ಇವರಿಗೆ ಬೇಡ. ಸಕ್ಕರೆ ಕಾಯಿಲೆಯಲ್ಲಿ ಬೆರಳ ಸ್ಪರ್ಶ ಮಂದವಾಗಿ, ಸುಟ್ಟರೂ ತಿಳಿಯದಿರಬಹುದು. ಬದಲಿಗೆ ಕುಡಿಯುವ ಲೋಟದಲ್ಲೇ ಹಾಲು, ನೀರು ಸೇರಿ ಮುಕ್ಕಾಲು ಅಳೆದು ಕಾಯಿಸಿದರೆ ಸೋಸುವಾಗ ತುಂಬಿ ಚೆಲ್ಲದು. ಲೋಟ ಅಂಚಿರುವ ತಟ್ಟೆಯಲ್ಲಿರಲಿ. ಒಂದು ವಿಷಯ ಮನೆಯವರೆಲ್ಲ ಪಾಲಿಸಲೇಬೇಕು: ಸಕ್ಕರೆ, ಚಹಾಪುಡಿ ಡಬ್ಬಿಗಳನ್ನು ಅವರಿಗೆ ಹೇಳದೆ ಸರಿಸಬೇಡಿ.