ಓದುಗರ ಪ್ರಶ್ನೆ: ಚಾರಣದ ಮ್ಯೂಸಿಯಂ ನೋಡುವುದಾದರೆ

ಪ್ರಶ್ನೆ: ಜೂನ್‌ನಲ್ಲಿ ಅಮೆರಿಕದ ಹ್ಯಾರಿಸ್‌ಬರ್ಗ್‌ಗೆ ಮಗಳ ಮನೆಗೆ ಹೊರಟಿದ್ದೇನೆ. ಅಲ್ಲಿಗೆ ಹತ್ತಿರ ಅಪಲೇಶಿಯನ್ ಟ್ರೇಲ್ ಮ್ಯೂಸಿಯಂ ಇದೆಯಂತೆ. ನನಗೆ 62. ದುರ್ಗದ ಕೋಟೆ ಹತ್ತಿದರೆ ಅರ್ಧಕ್ಕೇ ಮಂಡಿ ಹಿಡಿಯುತ್ತದೆ. ನನ್ನಂಥವರಿಗೆ ಅಲ್ಲಿ ನೋಡುವಂಥದ್ದು ಏನಿದೆ?
— ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ಧಾರಾಳವಾಗಿ ಹೋಗಿಬನ್ನಿ. ಕಾರಿನಲ್ಲಿ ಸುಮಾರು ಒಂದು ಗಂಟೆ ದಾರಿ. ಪೈನ್ ಗ್ರೋವ್ ಫರ್ನೇಸ್ ಸ್ಟೇಟ್ ಪಾರ್ಕ್‌ನ ಹಳೆಯ ಹಿಟ್ಟಿನ ಗಿರಣಿಯಲ್ಲಿ 2010ರಲ್ಲಿ ತೆರೆದ ಪುಟ್ಟ ಮ್ಯೂಸಿಯಂ ಇದು, ಪ್ರವೇಶ ಉಚಿತ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಬೇರೆ ತಿಂಗಳಲ್ಲೂ ವೇಳೆ ಬದಲಾಗುತ್ತದೆ. ಹಿಂದಿನ ದಿನವೇ ಮಗಳಿಂದ ವಿಚಾರಿಸಿಕೊಳ್ಳಿ.

ಜಾರ್ಜಿಯಾದಿಂದ ಮೇನ್‌ವರೆಗೆ 14 ರಾಜ್ಯ ದಾಟುವ ಸುಮಾರು 3,500 ಕಿ.ಮೀ. ಕಾಲುದಾರಿಯೇ ಅಪಲೇಶಿಯನ್ ಟ್ರೇಲ್. ಅದರ ನಡುಮಧ್ಯ ಇಲ್ಲೇ ಆಸುಪಾಸಿನಲ್ಲಿದೆ. 1948ರಲ್ಲಿ ಅಷ್ಟನ್ನೂ ಒಂದೇ ಸಲಕ್ಕೆ ನಡೆದು ಹೆಸರಾದ ಅರ್ಲ್ ಶಾಫರ್ ಕಟ್ಟಿದ ಮರದ ದಿಮ್ಮಿಗಳ ತಂಗುದಾಣವನ್ನು ಬಿಚ್ಚಿ ತಂದು ಒಳಗೆ ಮತ್ತೆ ಜೋಡಿಸಿದ್ದಾರೆ. ಮೂರು ಕಡೆ ಗೋಡೆ, ಮುಂಭಾಗ ಬಯಲು. ಉಳಿದದ್ದನ್ನು ಬೇಗ ನೋಡಿದರೂ ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ನಿಮ್ಮ ವಯಸ್ಸಿನ ಮಾತಿಗೆ ಉತ್ತರ ಎಮ್ಮಾ ಗೇಟ್‌ವುಡ್. 11 ಮಕ್ಕಳ ತಾಯಿ, 1955ರಲ್ಲಿ 67ರ ವಯಸ್ಸಿನಲ್ಲಿ ಒಬ್ಬರೇ ಇಡೀ ದಾರಿ ನಡೆದರು. ಹೆಗಲಿಗೆ ತಾವೇ ಹೊಲಿದ ಡೆನಿಮ್ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಟೆಂಟೂ ಇಲ್ಲ, ಸ್ಲೀಪಿಂಗ್ ಬ್ಯಾಗೂ ಇಲ್ಲ!

ಆಮೇಲೆ ದಾರಿಯ ಮೇಲೂ ಅರ್ಧ ಗಂಟೆ ನಡೆಯಿರಿ. ಫುಲ್ಲರ್ ಕೆರೆಯ ಕಡೆಯ ತುಂಡು ಸಮತಟ್ಟು, ಮಂಡಿಗೆ ತ್ರಾಸವಿಲ್ಲ. ಮರಗಳ ಮೇಲೆ 2 ಇಂಚು ಅಗಲ, 6 ಇಂಚು ಉದ್ದದ ಬಿಳಿ ಪಟ್ಟಿ ಬಳಿದಿರುತ್ತಾರೆ. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ಮುಂದೆ ತಿರುವಿದೆ. ನೀಲಿಯಾದರೆ ಅದು ಕವಲುದಾರಿ. ಮಾತಾಡುತ್ತ ತಿರುವು ತಪ್ಪಿಸಿಕೊಳ್ಳುವವರೇ ಹೆಚ್ಚು. ಪಟ್ಟಿ ಕಾಣದಿದ್ದರೆ ಹಿಂದಕ್ಕೆ ತಿರುಗಿ ನೋಡಿ, ಎದುರಿನಿಂದ ಬರುವವರಿಗೆಂದು ಬಳಿದದ್ದು ಕಂಡೀತು. ಅದೂ ಇಲ್ಲವೇ, ಕೊನೆಯ ಪಟ್ಟಿ ನೋಡಿದ ಜಾಗಕ್ಕೆ ವಾಪಸ್ ಬನ್ನಿ.

ಸೀರೆ ಬೇಡ. ಜೂನ್ ಅಲ್ಲಿ ಉಣ್ಣೆಹುಳುಗಳ ಕಾಲ. ಮರಿಗಳು ಗಸಗಸೆ ಕಾಳಿನಷ್ಟಿದ್ದು ಕಣ್ಣಿಗೆ ಬೀಳುವುದಿಲ್ಲ, ಕಚ್ಚಿದರೆ ಲೈಮ್ ರೋಗ ತಗಲಬಹುದು. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಹುಲ್ಲಿಗಿಳಿಯದೆ ದಾರಿಯ ನಡುವೆ ನಡೆಯಿರಿ. ಮನೆಗೆ ಬಂದು ಮಂಡಿಯ ಹಿಂಬದಿ, ಸೊಂಟ, ಕೂದಲಂಚು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಹಚ್ಚಿ ಕಾಯಬೇಡಿ. ಚೂಪು ಚಿಮಟದಿಂದ ಹುಳುವನ್ನು ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು, ತಿರುಚದೆ ನೇರ ಮೇಲಕ್ಕೆಳೆಯಿರಿ.