ಹಳೆಯ ಹ್ಯೂಮನ್, ಹೊಸ ಹ್ಯೂಮನ್: ಒಂದೇ ಕೋಷ್ಟಕವೇ?

ಪ್ರಶ್ನೆ: ಹೊನ್ನಾಳಿಯ ಮೆಕ್ಕೆಜೋಳದ ಹೊಲದಿಂದಲೂ ಚನ್ನಗಿರಿಯ ಅಡಿಕೆ ತೋಟದಿಂದಲೂ ಮಣ್ಣು ತಂದು, ಅದರಲ್ಲಿರುವ ಸೂಕ್ಷ್ಮಜೀವಿಗಳ ಡಿಎನ್‌ಎ ಓದಿಸಿ, ಅವು ಏನೇನು ಕೆಲಸ ಮಾಡಬಲ್ಲವು ಎಂದು ಅಧ್ಯಯನ ಮಾಡುತ್ತಿದ್ದೇನೆ. ಜೋಳದ ಹೊಲದ ಹನ್ನೆರಡು ಮಾದರಿಗಳನ್ನು ಹ್ಯೂಮನ್ 2 (HUMAnN) ಎಂಬ ತಂತ್ರಾಂಶದಲ್ಲಿ ಮುಗಿಸಿದ್ದೆ. ಅಷ್ಟರಲ್ಲಿ ಪ್ರಯೋಗಾಲಯದ ಕಂಪ್ಯೂಟರಿಗೆ ಹ್ಯೂಮನ್ 3 ಬಂತು. ಅಡಿಕೆ ತೋಟದ ಮಾದರಿಗಳನ್ನು ಅದರಲ್ಲಿ ಮಾಡಿದೆ. ಈಗ ಅಡಿಕೆ ಮಣ್ಣಿನಲ್ಲಿ ಜೀನ್ ಕುಟುಂಬಗಳು ಬಹಳ ಹೆಚ್ಚು ಕಾಣುತ್ತಿವೆ. ಎರಡನ್ನೂ ಒಂದೇ ಕೋಷ್ಟಕಕ್ಕೆ ಸೇರಿಸಲು ಮಾರ್ಗದರ್ಶಕರು ಹೇಳುತ್ತಾರೆ. ಸೇರಿಸಬಹುದೇ?
– ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬೇಡಮ್ಮ.

ನಾನು ಚಿತ್ರದುರ್ಗದವನು, ನಮ್ಮ ಜಿಲ್ಲೆಯ ಕಥೆಯನ್ನೇ ಹೇಳುತ್ತೇನೆ. 1991ರ ಜನಗಣತಿಯ ಹಳೆಯ ಪುಸ್ತಕದಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ನೋಡಿ, ಆಮೇಲೆ 2001ರದ್ದು ನೋಡಿ. ಊರಿಗೆ ಊರೇ ಗುಳೆ ಹೋದಂತೆ ಕಾಣುತ್ತದೆ. ಯಾರೂ ಎಲ್ಲಿಗೂ ಹೋಗಿರಲಿಲ್ಲ. 1997ರಲ್ಲಿ ನಿಮ್ಮ ಜಿಲ್ಲೆ ಹುಟ್ಟಿತು. ದಾವಣಗೆರೆ, ಹರಿಹರ, ಜಗಳೂರು ನಮ್ಮ ಲೆಕ್ಕದಿಂದ ಬಿಟ್ಟುಹೋದವು. ನೀವು ಮಣ್ಣು ತಂದ ಹೊನ್ನಾಳಿ, ಚನ್ನಗಿರಿ ಎರಡೂ ಆಗ ಶಿವಮೊಗ್ಗದಿಂದ ಬಂದವು.

ಹ್ಯೂಮನ್‌ನಲ್ಲಿ ಜೀನ್ ಕುಟುಂಬ ಎಂದರೆ ಯೂನಿರೆಫ್90 ಎಂಬ ಪ್ರೋಟೀನು ಪಟ್ಟಿಯ ಒಂದು ಗುಂಪು: ಶೇ 90ರಷ್ಟು ಹೋಲುವ ಪ್ರೋಟೀನುಗಳ ಒಂದು ತಾಲ್ಲೂಕು ಎನ್ನಿ. ಹೊಸ ಪ್ರೋಟೀನುಗಳು ಸೇರಿದಂತೆಲ್ಲ ಈ ಗಡಿಗಳನ್ನು ಮತ್ತೆ ಎಳೆಯುತ್ತಾರೆ. ಕೆಲವು ಗುಂಪು ಒಡೆಯುತ್ತವೆ, ಕೆಲವು ಕೂಡಿಕೊಳ್ಳುತ್ತವೆ, ಕೆಲವಕ್ಕೆ ಹೆಸರೇ ಬದಲಾಗುತ್ತದೆ. ಅದಕ್ಕೂ ಮೊದಲು, ಮಾದರಿಯಲ್ಲಿ ಯಾವ ಪ್ರಭೇದಗಳಿವೆ ಎಂದು ಮೆಟಾಫ್ಲಾನ್ ಎಂಬ ಜೊತೆಯ ತಂತ್ರಾಂಶ ಹೇಳುತ್ತದೆ. ಆ ಪ್ರಭೇದಗಳ ಜೀನುಗಳಿಗೆ ಹೊಂದದೆ ಉಳಿದ ಡಿಎನ್‌ಎ ತುಣುಕುಗಳು ಮಾತ್ರ ಪ್ರೋಟೀನು ಪಟ್ಟಿಯ ಹುಡುಕಾಟಕ್ಕೆ ಹೋಗುತ್ತವೆ. 2021ರಲ್ಲಿ ಪ್ರಕಟವಾದ ಮೂರನೆಯ ಆವೃತ್ತಿಯಲ್ಲಿ ಈ ಪ್ರಭೇದಗಳ ಪಟ್ಟಿಯೂ ದೊಡ್ಡದಾಯಿತು. ನಿಮ್ಮ ಅಡಿಕೆ ಮಣ್ಣಿನ ಸಿರಿವಂತಿಕೆಯಲ್ಲಿ ಎಷ್ಟು ಪಾಲು ತೋಟದ್ದು, ಎಷ್ಟು ಪಾಲು ಪಟ್ಟಿಯದ್ದು ಎಂದು ಬೇರ್ಪಡಿಸಲು ಈಗಿನ ಕೋಷ್ಟಕದಿಂದ ಸಾಧ್ಯವೇ ಇಲ್ಲ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಮಳೆ ಬಿದ್ದ ಮೇಲೆ ಸಾರಜನಕ ಹಿಡಿಯುವ ಜೀನುಗಳು ಏರಿದವೆಂದು ಹಿಗ್ಗಿ, ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಹಳೆಯ ಆವೃತ್ತಿಯಲ್ಲಿ ಮಾಡಿದ್ದ ಬೇಸಿಗೆಯ ಒಂದು ಮಾದರಿಯನ್ನು ಹೊಸ ಆವೃತ್ತಿಗೆ ಹಾಕಿದೆ. ಅದರಲ್ಲೂ ಅಷ್ಟೇ ಏರಿಕೆ! ಮಳೆಗೂ ಅದಕ್ಕೂ ಸಂಬಂಧವಿರಲಿಲ್ಲ. ಒಂದು ವಾರ ಯಾರ ಮುಖವನ್ನೂ ನೋಡಲಿಲ್ಲ.

ಆದ್ದರಿಂದ ಜೋಳದ ಹನ್ನೆರಡನ್ನೂ ಡಿಎನ್‌ಎ ಓದಿಸಿದಾಗ ಬಂದ ಮೂಲ ಫಾಸ್ಟ್‌ಕ್ಯೂ ಫೈಲುಗಳಿಂದ ಹ್ಯೂಮನ್ 3ರಲ್ಲಿ ಮತ್ತೆ ಮಾಡಿ. ಡಿಎನ್‌ಎ ತುಣುಕಿನ ಎರಡು ಕಡೆಯಿಂದ ಬಂದ ಓದುಗಳನ್ನೂ ಒಂದೇ ಫೈಲಾಗಿ ಜೋಡಿಸಿದ್ದಿರೋ, ಒಂದು ಕಡೆಯದನ್ನಷ್ಟೇ ಕೊಟ್ಟಿದ್ದಿರೋ ಪರೀಕ್ಷಿಸಿಕೊಳ್ಳಿ. ಎರಡು ಗುಂಪಿನಲ್ಲೂ ಒಂದೇ ಕ್ರಮವಿರಲಿ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ, ರೆಸ್ಯೂಮ್ ಆಯ್ಕೆ ಕೊಟ್ಟರೆ ಮುಗಿದ ಹಂತಗಳನ್ನು ಬಿಟ್ಟು ಮುಂದುವರಿಯುತ್ತದೆ. ಈ ಉತ್ಸಾಹದಲ್ಲಿ ಮೆಟಾಫ್ಲಾನ್‌ನ ತೀರಾ ಹೊಸ ದತ್ತಸಂಚಯವನ್ನು ಹಾಕಿಬಿಡಬೇಡಿ. ನಿಮ್ಮ ಹ್ಯೂಮನ್ ಅದನ್ನು ಗುರುತಿಸದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ತಂತ್ರಾಂಶದ ಆವೃತ್ತಿಯ ಜೊತೆಗೆ ದತ್ತಸಂಚಯದ ಫೈಲಿನ ಪೂರ್ತಿ ಹೆಸರನ್ನೂ, ಅದರಲ್ಲಿರುವ 201901ರಂಥ ಅಂಕಿ ಸಮೇತ, ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಕೋಷ್ಟಕದ ಮೊದಲ ಸಾಲಿನಲ್ಲಿರುವ ಅನ್‌ಮ್ಯಾಪ್ಡ್ ಅಂಕಿಯನ್ನು, ಅಂದರೆ ಎಲ್ಲೂ ಹೊಂದದೆ ಉಳಿದ ಓದುಗಳ ಲೆಕ್ಕವನ್ನು, ಅಳಿಸಬೇಡಿ. ಮಣ್ಣಿನಲ್ಲಿ ಅದು ದೊಡ್ಡದಾಗಿಯೇ ಇರುತ್ತದೆ. ಯಾವ ಪಟ್ಟಿಗೂ ಸೇರದ ಜೀವಿಗಳು ಅಲ್ಲಿ ಅಷ್ಟಿವೆ.

ಮಾರ್ಗದರ್ಶಕರ ಎದುರು ವಾದಕ್ಕೆ ನಿಲ್ಲಬೇಡಿ. ಮೊದಲು ಮೂರೇ ಮಾದರಿಗಳನ್ನು ಮತ್ತೆ ಮಾಡಿ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಮುದ್ರಿಸಿ ಅವರ ಮೇಜಿನ ಮೇಲಿಟ್ಟು ಬನ್ನಿ.