ನಿಂತದ್ದು ಇಲ್ಲಿ, ಕಂಡದ್ದು ಅಲ್ಲಿ

"ಮೊಳಕಾಲ್ಮೂರು ಕಡೆ ಕೂತು ಲ್ಯಾಂಡ್‌ಸ್ಕೇಪ್ ಅಂತ ಏನು ಬರೀತೀಯೋ, ಬರೀ ಬಂಡೆ, ಜಾಲಿ ತಾನೇ?" ಅಂತ ಕೇಳಿದೆಯಲ್ಲ, ಫೋನಲ್ಲಿ ನಕ್ಕು ಸುಮ್ಮನಾದೆ. ಸಾಲದ್ದಕ್ಕೆ, ನಮ್ಮದು ಚಿತ್ರದುರ್ಗ ಜಿಲ್ಲೆಯ ಆಂಧ್ರ ಗಡಿ ಅಂತ, "ಅಲ್ಲೆಲ್ಲ ತೆಲುಗೇ ಅಂತೆ" ಅಂತ ಒಗ್ಗರಣೆ ಬೇರೆ ಹಾಕಿದೆ. ಈಗ ಬಿಡುವಾಗಿದೀನಿ, ಓದ್ಕೋ.

ಬಂಡೆ ಹೌದಪ್ಪಾ. ಆದ್ರೆ ಬಂಡೆ ಬರೆಯೋದಂದ್ರೆ ಬೂದು ಬಳಿಯೋದು ಅಂದ್ಕೊಂಡಿದೀಯ. ಬೆಳಿಗ್ಗೆ ಆರೂವರೆಗೆ ಅದು ನಸುಗೆಂಪು, ಎಂಟಕ್ಕೆ ಹಳದಿಗೆ ತಿರುಗಿರುತ್ತೆ, ಹತ್ತು ದಾಟಿದ್ರೆ ಕಣ್ಣು ಬಿಡೋಕಾಗದಷ್ಟು ಬಿಳುಪು. ಮಳೆನೀರು ಇಳಿದ ಕಡೆ ಮೇಲಿಂದ ಕೆಳಗೆ ಕಪ್ಪು ಪಟ್ಟೆ ಬಿದ್ದಿರುತ್ತಲ್ಲ, ಬಂಡೆಗೆ ಮೈ ಬರೋದೇ ಅದರಿಂದ. ಅದು ತಪ್ಪಿದ್ರೆ ಸಂತೇಲಿ ಆಲೂಗೆಡ್ಡೆ ಗುಡ್ಡೆ ಹಾಕಿದ ಹಾಗೆ ಕಾಣುತ್ತೆ. ಟ್ಯೂಬಿನ ಕಪ್ಪು ನಾನು ಮುಟ್ಟಲ್ಲ. ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಿದ್ರೆ ನಮ್ಮ ಸೀಮೆ ಬೂದು ಸಿಗುತ್ತೆ. ನೀಲಿ ಏರಿಸಿದ್ರೆ ನೆರಳು, ಇಳಿಸಿದ್ರೆ ಬಿಸಿಲು. ಏಪ್ರಿಲ್‌ನಲ್ಲಿ ಆಕಾಶದ ವಾಶ್, ಅಂದ್ರೆ ನೀರು ಬೆರೆಸಿದ ತೆಳು ಬಣ್ಣ, ಎಡದಿಂದ ಬಲಕ್ಕೆ ಎಳೆಯೋಷ್ಟರಲ್ಲಿ ಎಡಗಡೆ ಒಣಗಿ ಗೆರೆ ಕೂತಿರುತ್ತೆ. ಅದಕ್ಕೆ ಹಾಳೆಯ ಎರಡೂ ಬದಿ ನೆನೆಸಿ, ಅಡಿಗೆ ಒದ್ದೆ ಟವೆಲ್ ಹಾಸ್ಕೋತೀನಿ. ಸಂಜೆ ಬೆಳಕು ಇನ್ನೂ ಚೆನ್ನ. ಆದ್ರೆ ಅದು ಕರಡಿ ಇಳಿಯೋ ಹೊತ್ತು, ಅದರ ಜೊತೆ ಜಗಳ ಬೇಡ ಅಂತ ಗಂಟುಮೂಟೆ ಕಟ್ಟಿಬಿಡ್ತೀನಿ.

ಈ ಒಣ ಸೀಮೆಯಿಂದ ಯಾವ ಕಲಾವಿದ ಬರ್ತಾನೆ ಅಂತೀಯೇನೋ. ಪಿ.ಆರ್. ತಿಪ್ಪೇಸ್ವಾಮಿ ಅವರ ಜಲವರ್ಣ ನೋಡಿದೀಯಾ? 1922ರಲ್ಲಿ ಹುಟ್ಟಿದ್ದು ಹಿರಿಯೂರು ತಾಲ್ಲೂಕಿನ ಹರ್ತಿಕೋಟೇಲಿ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟೋದ್ರಲ್ಲಿ ದುಡಿದ್ರು ಅಂತ ನೀವೆಲ್ಲ ಅವರನ್ನ ಮೈಸೂರಿಗೇ ಬರೆದುಕೊಟ್ಟಿದೀರಿ. ಹೆಸರಾದವರನ್ನ ನೀವು ಇಟ್ಕೊಳ್ಳೋದು, ನಮಗೆ ಮಾತ್ರ ಬಂಡೆ, ಜಾಲಿ.

ಹೊಟ್ಟೆಪಾಡಿನ ಕಥೆ ನಿನಗೆ ಗೊತ್ತಿರೋದೇ: ಅಂಗಡಿ ಬೋರ್ಡು, ಶಾಲೆ ಗೋಡೆ. ಫ್ಲೆಕ್ಸ್ ಬಂದ್ಮೇಲೆ ಅದೂ ಅಷ್ಟಕ್ಕಷ್ಟೆ.

ನನ್ನ ತಲೆ ತಿನ್ನೋದು ಬೇರೆ. ಪ್ರದರ್ಶನಕ್ಕೆ ಚಿತ್ರ ಕಳಿಸೋ ಫಾರಮ್ಮಿನಲ್ಲಿ "ಚಿತ್ರದಲ್ಲಿರುವ ಸ್ಥಳ" ಅಂತ ಒಂದು ಸಾಲು ಇರುತ್ತೆ. ನೀವು ಬೆಂಗಳೂರಿನೋರು ಲಾಲ್‌ಬಾಗ್ ಅಂತ ಬರೆದು ಮುಗಿಸ್ತೀರಿ. ನಾನು ಕೂರೋ ದಿಣ್ಣೆಯಿಂದ ನೋಡಿದ್ರೆ ಮುಂದಿನ ಶೇಂಗಾ ಹೊಲ ನಮ್ಮ ತಾಲ್ಲೂಕು, ನಡುವಿನ ಬಂಡೆ ನಮ್ಮ ತಾಲ್ಲೂಕು, ಹಿಂದೆ ತೆಳ್ಳಗೆ ನೀಲಿಯಾಗಿ ಕಾಣೋ ಬೆಟ್ಟ ರಾಯದುರ್ಗದ್ದು, ಅಂದ್ರೆ ಆಂಧ್ರ. ಒಂದ್ಸಲ ಪ್ರಾಮಾಣಿಕವಾಗಿ ಎರಡೂ ಬರೆದು ಕಳಿಸಿದೆ. "ಇದು ಕರ್ನಾಟಕದ ನಿಸರ್ಗ ಅಂತ ಮಾಡ್ತಿರೋ ಪ್ರದರ್ಶನ, ಹಿಂದಿನ ಬೆಟ್ಟ ತೆಗೆದುಕೊಟ್ರೆ ತಗೋತೀವಿ" ಅಂತ ಫೋನ್ ಬಂತು. ಎಲ್ಲಿಂದ ತೆಗೀಲಿ ಹೇಳು? ಜಲವರ್ಣದಲ್ಲಿ ಬಿದ್ದ ಬಣ್ಣ ಬಿತ್ತು. ಹೊಸದಾಗಿ ಬರೆದ್ರೂ ಆ ನೀಲಿ ಇಲ್ಲದಿದ್ರೆ ಚಿತ್ರದಲ್ಲಿ ದೂರ ಅನ್ನೋದೇ ಇರಲ್ಲ, ಹೊಲ ಬಂದು ಮೂಗಿಗೆ ತಾಗುತ್ತೆ. ಬೇಡ ಅಂತ ವಾಪಸ್ ತರಿಸ್ಕೊಂಡೆ. ಆಚೆ ಕಡೆಯವರಾದ್ರೂ ತಗೋತಾರಾ ಅಂದ್ರೆ ಅವರು ವಿಳಾಸ ನೋಡಿ "ಮೀರು ಕರ್ಣಾಟಕ ವಾಳ್ಳು ಕದಾ", ನೀವು ಕರ್ನಾಟಕದೋರಲ್ವಾ, ಅಂದ್ರು.

ನಮ್ಮಜ್ಜಿ ತವರು ರಾಯದುರ್ಗ. 1953ರಲ್ಲಿ ಬಳ್ಳಾರಿ ಜಿಲ್ಲೆ ಹಂಚುವಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅಜ್ಜಿಗೆ ಅದನ್ನ ಯಾರೂ ಹೇಳಿದ ಹಾಗಿಲ್ಲ. ಕೊನೇವರೆಗೂ "ಊರಿಗೆ ಹೋಗಿಬರ್ತೀನಿ" ಅಂತಿದ್ಲೇ ಹೊರತು ಆಂಧ್ರಕ್ಕೆ ಅಂದವಳಲ್ಲ. ತೆಲುಗು ಅಂದ್ಯಲ್ಲ, ಹೌದು, ಕುರಿ ಕಾಯೋರ ಜೊತೆ ತೆಲುಗು, ಪಂಚಾಯ್ತೀಲಿ ಕನ್ನಡ, ಜಗಳ ಬಂದ್ರೆ ಎರಡೂ. ಗಡಿ ಆಚೆ ಬೋರ್ಡಿಗೆ ಕರೆದ್ರೆ ತೆಲುಗು ಅಕ್ಷರವನ್ನೂ ಬರೀತೀನಿ. ತಲಕಟ್ಟು ನೋಡ್ಕೊಂಡ್ರೆ ಮುಕ್ಕಾಲು ಕೆಲಸ ಆಯ್ತು. ಇದ್ರಿಂದ ನನ್ನ ಕನ್ನಡ ಎಲ್ಲಿ ಸವೆದಿದೆ, ತೋರಿಸು. ನವೆಂಬರ್ ಒಂದಕ್ಕೆ ನಮ್ಮ ಶಾಲೆ ಗೋಡೆ ಮೇಲೆ ಭುವನೇಶ್ವರಿ ಬರೆಯೋನು ನಾನೇ ಕಣಯ್ಯಾ.

ಇಲ್ಲಿ ಬರೆಯೋಕೆ ಏನಿದೆ ಅಂದ್ಯಲ್ಲ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ನಮ್ಮ ತಾಲ್ಲೂಕೇ, ಮೂರು ಕಡೆಯೂ ಬಂಡೆ ಮೇಲೆ ಅಶೋಕನ ಶಾಸನ. ಬರೆದವನು ಚಪಡ ಅಂತ ಲಿಪಿಕಾರ. ಶಾಸನ ಪೂರ್ತಿ ಬ್ರಾಹ್ಮೀಲಿ ಬರೆದು, ಕೊನೇಲಿ ತನ್ನ ಕಸುಬನ್ನ ಮಾತ್ರ ಖರೋಷ್ಠೀಲಿ ಹಾಕಿದಾನೆ. ಖರೋಷ್ಠಿ ಅಂದ್ರೆ ಗಾಂಧಾರದ ಕಡೆ ಲಿಪಿ, ಇಲ್ಲಿಂದ ಎಷ್ಟು ದೂರ ಲೆಕ್ಕ ಹಾಕು. ಅವನ ಹತ್ರ ಯಾರೂ ವಾಸಸ್ಥಳ ದೃಢೀಕರಣ ಕೇಳಿದ ಹಾಗೆ ಕಾಣಲ್ಲ.

ಮೊನ್ನೆ ಮತ್ತೊಂದು ಫಾರಂ ಬಂದಿದೆ. ಅದೇ ಸಾಲು, ಬೆರಳಗಲ ಜಾಗ. "ನಿಂತದ್ದು ಮೊಳಕಾಲ್ಮೂರು ತಾಲ್ಲೂಕು, ಕಂಡದ್ದು ರಾಯದುರ್ಗವೂ ಸೇರಿ" ಅಂತ ತುಂಬಿದೀನಿ. ಜಾಗ ಸಾಲದೆ ಕೊನೇ ಎರಡು ಪದ "ಕಚೇರಿ ಉಪಯೋಗಕ್ಕೆ ಮಾತ್ರ" ಅನ್ನೋ ಚೌಕದೊಳಗೆ ಹೋಗಿ ಕೂತ್ಕೊಂಡಿವೆ.